ಹೊಸ್ತಿಲೊಳಗಿನ ಶುಶ್ರೂಷೆಗೆ ನಿಯಮವಿಲ್ಲವೇ?

ಪಾರ್ಶ್ವವಾಯುವಿನಿಂದ ಒಂದು ಮಗ್ಗುಲು ಬಿದ್ದುಹೋದ ವೃದ್ಧನೊಬ್ಬನು ಆಸ್ಪತ್ರೆಯಲ್ಲಿರುವಷ್ಟು ದಿವಸ ಅವನ ಸುತ್ತಲೂ ನಿಯಮಗಳಿರುತ್ತವೆ. ಔಷಧ ಕೊಡುವ ದಾದಿಗೆ ನೋಂದಣಿ ಬೇಕು; ಆಸ್ಪತ್ರೆಯು ಖಾಸಗಿಯದಾಗಿದ್ದರೆ 2007ನೆಯ ಇಸವಿಯ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಮೇರೆಗೆ ಅದಕ್ಕೂ ನೋಂದಣಿ ಬೇಕು; ತಪ್ಪು ನಡೆದರೆ ದೂರುವದಕ್ಕೆ ಒಂದು ಸ್ಥಳವಾದರೂ ಉಂಟು. ಅದೇ ವೃದ್ಧನು ಹದಿನೈದು ದಿವಸಗಳ ತರುವಾಯ ಕುಷ್ಟಗಿಯ ಅಥವಾ ಯಲಬುರ್ಗಾದ ಕಡೆಯ ತನ್ನ ಹಳ್ಳಿಯ ಮನೆಯ ಹೊಸ್ತಿಲು ದಾಟಿದೊಡನೆ ಈ ನಿಯಮಗಳೆಲ್ಲವೂ ಬಾಗಿಲ ಹೊರಗೇ ನಿಂತುಬಿಡುತ್ತವೆ. ಮೂಗಿನಲ್ಲಿ ನಳಿಗೆ, ಮಂಚದ ಪಕ್ಕಕ್ಕೆ ಮೂತ್ರದ ಚೀಲ, ಕೈಯಲ್ಲಿ ಮಾತ್ರೆಗಳ ಪೊಟ್ಟಣ, ಇವುಗಳೊಡನೆ ಅವನು ಸೊಸೆಯ ಕೈಗೋ ಸಂಬಳದ ಆಯಾಳ ಕೈಗೋ ಒಪ್ಪಿಸಲ್ಪಡುತ್ತಾನೆ. ಅಲ್ಲಿ ನಡೆಯುವ ಆರೈಕೆಯು ಸರಿಯೋ ತಪ್ಪೋ ಎಂದು ಕಾಯಿದೆಯ ಬಲದಿಂದ ಕೇಳುವವರು ಯಾರೂ ಇಲ್ಲ. ಈ ಸಂಗತಿಯನ್ನು ನಾವು ಇಂದು ವಾಚಕರ ಮತ್ತು ಅಧಿಕಾರಿವರ್ಗದ ಮುಂದೆ ಇಡಬಯಸುತ್ತೇವೆ.

ಮನೆಯೊಳಗಿನ ಆರೈಕೆಗೆ ಕಟ್ಟಳೆ ಹಾಕುವದು ಅಸಾಧ್ಯವೆಂದು ಹೇಳುವವರು ಆಶಾ ಕಾರ್ಯಕರ್ತೆಯ ಕೆಲಸವನ್ನು ನೋಡಲಿ. 2011ರಿಂದ ನಡೆದುಬಂದಿರುವ ನವಜಾತ ಶಿಶುಗಳ ಗೃಹಾರೈಕೆಯ ಯೋಜನೆಯಲ್ಲಿ, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಅವಳು 3, 7, 14, 21, 28 ಮತ್ತು 42ನೆಯ ದಿವಸಗಳಂದು ಹೋಗತಕ್ಕದ್ದು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲನೆಯ ದಿವಸವೂ ಹೋಗತಕ್ಕದ್ದು. ತೂಕದ ತಕ್ಕಡಿ, ಜ್ವರಮಾಪಕ, ಉಸಿರೆಣಿಸುವ ಗಡಿಯಾರ, ಕಂಡದ್ದನ್ನು ಬರೆಯುವ ನಮೂನೆ, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಒಯ್ಯಬೇಕೆಂಬ ಸೂಚನೆ, ಇವೆಲ್ಲ ಅವಳಿಗೆ ಒದಗಿಸಲ್ಪಟ್ಟಿವೆ. ಅಂದಮೇಲೆ ಹುಟ್ಟಿದ ಕೂಸಿಗೆ ಸಾಧ್ಯವಾದದ್ದು ಹಾಸಿಗೆ ಹಿಡಿದ ಮುದುಕರಿಗೆ ಏತಕ್ಕೆ ಸಾಧ್ಯವಾಗಬಾರದು? (ಆ ಕೆಲಸವನ್ನೂ ಅದೇ ಆಶಾ ಕಾರ್ಯಕರ್ತೆಯ ತಲೆಯ ಮೇಲೆ ಹೊರಿಸಿಬಿಡೋಣವೆಂಬ ಸುಲಭದ ಯೋಚನೆಗೆ ನಮ್ಮ ಸಮ್ಮತಿಯಿಲ್ಲ. ಗೌರವಧನದ ಸಲುವಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬಯಲಲ್ಲಿ ಕುಳಿತವಳು ಅವಳೇ.)

ಕೊಪ್ಪಳ ಸೀಮೆಯಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ಒಂದು ತೀವ್ರತೆಯುಂಟು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಗಂಗಾವತಿಯ ಗದ್ದೆಗಳು ಹಸಿರಾಗಿರುವವು. ಕುಷ್ಟಗಿ, ಯಲಬುರ್ಗಾಗಳ ಮಡ್ಡಿ ಭೂಮಿಗೆ ಮಳೆಯೇ ಗತಿ. ಮಳೆ ಕೈಕೊಟ್ಟ ವರ್ಷ ದುಡಿಯುವ ವಯಸ್ಸಿನವರು ಬೆಂಗಳೂರು, ಮಂಗಳೂರು, ಗೋವೆಗಳ ಕಡೆಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು. ಇದರ ಮೇಲೆ ಈ ತಾಲೂಕುಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಪೀಡೆಯುಂಟು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದ ಫ್ಲೋರೈಡನ್ನು ವರ್ಷಾನುವರ್ಷ ಕುಡಿದ ದೇಹದಲ್ಲಿ ಅದು ಎಲುಬಿಗೂ ಸಂಧಿಬಂಧಗಳಿಗೂ ಅಂಟಿಕೊಂಡು, ಬೆನ್ನು ಸೆಟೆದು, ಮೊಣಕಾಲು ಬಾಗದಂತಾಗುತ್ತದೆ. ಬಲಿತ ಮೇಲೆ ಅದನ್ನು ಹಿಂದಿರುಗಿಸುವ ಔಷಧವಿಲ್ಲ. ಅಂಥ ದೇಹವನ್ನು ಎಬ್ಬಿಸುವದು, ಸ್ನಾನ ಮಾಡಿಸುವದು, ಮಗ್ಗುಲು ಹೊರಳಿಸುವದು ಕಲಿತವರ ಕೆಲಸ. ಕಲಿಯದವರು ರಟ್ಟೆ ಹಿಡಿದು ಎಳೆದರೆ ಎಲುಬು ಮುರಿಯುವ ಭಯವುಂಟು.

ಶುಶ್ರೂಷೆಯ ತಪ್ಪುಗಳು ದೊಡ್ಡ ಸದ್ದು ಮಾಡುವದಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಗೆ ಚರ್ಮವು ಮೊದಲು ಕೆಂಪಾಗುತ್ತದೆ, ಮುಂದೆ ಹುಣ್ಣಾಗುತ್ತದೆ, ಎಲುಬು ಕಾಣುವ ತನಕ ಕೊಳೆಯುತ್ತದೆ. ಮಲಗಿಸಿಯೇ ನಳಿಗೆಯಿಂದ ಗಂಜಿ ಹೊಯ್ದರೆ ಅದು ಪುಪ್ಪುಸಕ್ಕೆ ಇಳಿಯುತ್ತದೆ. ತಲೆಯ ಭಾಗವನ್ನು ಎತ್ತರಿಸಿ ಉಣಿಸಿ, ಅರ್ಧ ತಾಸಾದರೂ ಹಾಗೆಯೇ ಇರಿಸಬೇಕೆಂಬದು ತಿಳಿಯದವರು ಬಹಳ. ಮೂತ್ರದ ಚೀಲವನ್ನು ಸೊಂಟಕ್ಕಿಂತ ಮೇಲಕ್ಕೆತ್ತಿ ಗೂಟಕ್ಕೆ ನೇತುಹಾಕಿದರೆ ಹೊರಬಂದದ್ದು ಮರಳಿ ಒಳಗೆ ಹೋಗಿ ನಂಜೇರುತ್ತದೆ. ನಾಲ್ವತ್ತು ಅಂಶ ದಾಟುವ ನಮ್ಮ ಬೇಸಿಗೆಯಲ್ಲಿ, ಶೀತಪೆಟ್ಟಿಗೆಯಿಲ್ಲದ ಮನೆಯ ಮಾಡದಲ್ಲಿಟ್ಟ ಇನ್ಸುಲಿನ್ ಸತ್ವಗುಂದುತ್ತದೆ. ಹಸಿಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಇಡಲು ಹೇಳಿಕೊಡುವದಕ್ಕೆ ಒಂದು ನಿಮಿಷ ಸಾಕು. ಆದರೂ ಹೇಳುವವರಿಲ್ಲ. ಇಂಥ ಮರಣಗಳಿಗೆಲ್ಲ ಊರವರು ವಯಸ್ಸನ್ನೇ ಕಾರಣವಾಗಿ ಹೇಳುತ್ತಾರೆ, ಪಂಚನಾಮೆಯಿಲ್ಲ, ವಿಚಾರಣೆಯಿಲ್ಲ.

ಕಾನೂನಿನ ಸ್ಥಿತಿಯೇನು? ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯು ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ. ಉಪವಿಭಾಗದ ಅಧಿಕಾರಿಯ ನ್ಯಾಯಮಂಡಲಿಯ ಮುಂದೆ ಅರ್ಜಿ ಹಾಕಬಹುದು. ಶುಶ್ರೂಷೆಯು ಹೇಗಿರಬೇಕೆಂಬ ವಿಷಯದಲ್ಲಿ ಅದು ಮೌನವಾಗಿದೆ. ಆ ಮೌನವನ್ನು ಮುರಿಯುವ ಉದ್ದೇಶದಿಂದ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿಯ ಮಸೂದೆಯೊಂದು ಮಂಡಿತವಾಯಿತು. ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳಿಗೆ ನೋಂದಣಿ, ಕನಿಷ್ಠ ಗುಣಮಟ್ಟ, ತರಬೇತಿ ಹೊಂದಿದ ಪರಿಚಾರಕರು, ಇವೆಲ್ಲ ಅದರಲ್ಲಿದ್ದವು. ಮಸೂದೆಯು ಸ್ಥಾಯಿ ಸಮಿತಿಗೆ ಹೋಯಿತು, ಸಮಿತಿಯು ವರದಿಯನ್ನೂ ಕೊಟ್ಟಿತು. ಅಷ್ಟರಲ್ಲಿ 2024ರಲ್ಲಿ ಆ ಲೋಕಸಭೆಯ ಆಯುಷ್ಯವೇ ತೀರಿ ಮಸೂದೆಯೂ ಅದರೊಡನೆ ತೀರಿಹೋಯಿತು. ಮುದುಕರ ಮಸೂದೆಗೆ ಮುದುಕರ ಗತಿಯೇ ಆಯಿತು. ಆದರೆ ಸಾರ್ವಜನಿಕ ಆರೋಗ್ಯವೂ ಆಸ್ಪತ್ರೆಗಳೂ ಸಂವಿಧಾನದ ಪ್ರಕಾರ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯಗಳು. ದಿಲ್ಲಿಯ ಕಡೆಗೆ ಮುಖ ಮಾಡಿ ಕುಳಿತುಕೊಳ್ಳುವ ಕಾರಣ ನಮ್ಮ ಸರಕಾರಕ್ಕಿಲ್ಲ. ನೆರೆಯ ಕೇರಳವು 2008ರಲ್ಲಿಯೇ ಉಪಶಾಮಕ ಚಿಕಿತ್ಸೆಯ ನೀತಿಯನ್ನು ಮಾಡಿ, ಪಂಚಾಯತಿಗಳ ಮೂಲಕ ದಾದಿಯನ್ನು ರೋಗಿಯ ಮನೆಯ ಬಾಗಿಲಿಗೆ ಕಳುಹಿಸುತ್ತಲಿದೆ. ಇಂಗ್ಲಂಡದಲ್ಲಿಯಂತೂ ನೋಂದಣಿಯಿಲ್ಲದ ಸಂಸ್ಥೆಯು ಮನೆಗೆ ಹೋಗಿ ರೋಗಿಯ ಮೈ ಮುಟ್ಟಿ ಆರೈಕೆ ಮಾಡುವದೇ ಅಪರಾಧ.

ಇದಕ್ಕೆ ಬರುವ ಆಕ್ಷೇಪವನ್ನು ನಾವು ಬಲ್ಲೆವು. ನೋಂದಣಿಯೆಂದರೆ ಮತ್ತೊಂದು ಕಚೇರಿ, ಮತ್ತೊಂದು ಮೇಜು, ಮತ್ತೊಂದು ಕೈಬೆಚ್ಚಗೆ. ಅದರ ಖರ್ಚು ಕೊನೆಗೆ ಬಡವನ ಮೇಲೆಯೇ ಬೀಳುವದು ಎಂದು ಜನರು ಅನ್ನುತ್ತಾರೆ. ಈ ಸಂಶಯವು ಅನುಭವದಿಂದ ಹುಟ್ಟಿದ್ದು, ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಆದುದರಿಂದಲೇ ಸೊಸೆಗೂ ಮಗಳಿಗೂ ಯಾವ ನೋಂದಣಿಯೂ ಬೇಡ, ಅವರಿಗೆ ಬೇಕಾದದ್ದು ಕಲಿಸುವವರು ಎಂದು ನಾವು ಹೇಳುವೆವು. ಹಣ ತೆಗೆದುಕೊಂಡು ಪರಿಚಾರಕರನ್ನು ಮನೆಗೆ ಕಳುಹಿಸುವ ಸಂಸ್ಥೆಗೆ ಮಾತ್ರ ನೋಂದಣಿ ಇರಲಿ: ಕಳುಹಿಸಿದವಳು ಯಾರು, ಏನು ಕಲಿತಿದ್ದಾಳೆ, ತಪ್ಪಾದರೆ ಉತ್ತರ ಕೊಡುವವರು ಯಾರು ಎಂಬಷ್ಟನ್ನು ತಾಲೂಕು ಆರೋಗ್ಯಾಧಿಕಾರಿಯು ತಿಳಿದಿರಲಿ. ಸೂಜಿ ಚುಚ್ಚುವದು, ನಳಿಗೆ ಹಾಕುವದು ನೋಂದಾಯಿತ ದಾದಿಯ ಹೊರತು ಬೇರೆಯವರ ಕೆಲಸವಾಗಕೂಡದು. ಪ್ರತಿ ಮನೆಯಲ್ಲಿಯೂ ಒಂದು ಪುಸ್ತಕವಿದ್ದು, ಯಾವ ಮಾತ್ರೆಯನ್ನು ಎಷ್ಟು ಗಂಟೆಗೆ ಕೊಟ್ಟರೆಂಬದು ಅದರಲ್ಲಿ ಕನ್ನಡದಲ್ಲಿ ಬರೆಯಲ್ಪಡಲಿ. ಆಸ್ಪತ್ರೆಯ ಬಿಡುಗಡೆ ಚೀಟಿಯೂ ಕನ್ನಡದಲ್ಲಿರಲಿ. ಇಂಗ್ಲಿಷಿನ ಸಂಕೇತಾಕ್ಷರಗಳನ್ನು ಓದಿ ಯಾವ ಸೊಸೆಯೂ ಅತ್ತೆಯನ್ನು ಉಳಿಸಲಾರಳು.

ಪರಿಚಾರಕಿಯ ಸುರಕ್ಷಿತತೆಯೂ ಇದೇ ಪ್ರಶ್ನೆಯ ಭಾಗವೆಂಬದನ್ನು ಮರೆಯಕೂಡದು. ಹಗಲಿರುಳೂ ಒಬ್ಬಳನ್ನೇ ದುಡಿಸಿ, ನಿದ್ದೆಗೆಟ್ಟವಳ ಕೈಯಿಂದ ಔಷಧದ ಲೆಕ್ಕ ತಪ್ಪಿದಾಗ ಅವಳನ್ನೇ ಬೈಯುವ ಮನೆಯವರು ಇದ್ದಾರೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಷ್ಟು ಹಿಂದೆಯೇ ಗೊತ್ತುಪಡಿಸಿದ ರಾಜ್ಯ ನಮ್ಮದು. ಹಾಸಿಗೆ ಹಿಡಿದವರನ್ನು ಎತ್ತಿಳಿಸುವವಳಿಗೆ ವಿಶ್ರಾಂತಿಯ ತಾಸು, ಕೈಗವಸು, ಒಂಟಿಯಾಗಿ ಭಾರ ಎತ್ತಲಾರೆನೆನ್ನುವ ಹಕ್ಕು, ಅಪರಿಚಿತರ ಮನೆಯಲ್ಲಿ ಮಾನಕ್ಕೆ ರಕ್ಷಣೆ ಇವುಗಳನ್ನು ಗೊತ್ತುಪಡಿಸುವದು ಅದಕ್ಕೆ ಕಷ್ಟವಾಗಲಾರದು. ಈ ಅಂಕಣವನ್ನು ಓದುವ ಅಧಿಕಾರಿಗಳಲ್ಲಿ ಎಷ್ಟು ಜನರ ತಾಯ್ತಂದೆಗಳು ಈ ಹೊತ್ತು ಊರಿನಲ್ಲಿ ಸಂಬಳದವರ ಕೈಯಲ್ಲಿದ್ದಾರೆಂಬದನ್ನು ಅವರವರೇ ಎಣಿಸಿಕೊಳ್ಳಲಿ.

ನಿಜಾಮಶಾಹಿಯ ಕಾಲದಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರಿಯಾಗಿದ್ದವು. ಪ್ರಜೆಯ ಕಾಯಿಲೆಯು ಜಹಗೀರದಾರನ ಲೆಕ್ಕದ ಪುಸ್ತಕದಲ್ಲಿ ಬರುತ್ತಿರಲಿಲ್ಲ. 1948ರ ವಿಮೋಚನೆಗಾಗಿ ಸೆಣಸಿದ ತಲೆಮಾರಿನವರಲ್ಲಿ ಉಳಿದಿರುವ ಕೆಲವೇ ಜನರೂ, ಅವರ ಬೆನ್ನಿಗೆ ಬಂದವರೂ ಇಂದು ಆ ಹಾಸಿಗೆಗಳಲ್ಲಿದ್ದಾರೆ. ಈಗ ಸಂವಿಧಾನದ 371ಜೆ ವಿಧಿಯುಂಟು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯುಂಟು, ಕೊಪ್ಪಳದಲ್ಲಿ 2015ರಿಂದ ಸರಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಉಂಟು. ಮಂಡಳಿಯು ತನ್ನ ಕಟ್ಟಡ, ರಸ್ತೆಗಳ ಹಣದಲ್ಲಿ ಒಂದಂಶವನ್ನು ಬದಿಗಿರಿಸಲಿ. ಆ ಸಂಸ್ಥೆಯ ದಾದಿಯರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಯ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿವಸ, ರೋಗಿಯನ್ನು ಕರೆದೊಯ್ಯಲು ಬಂದವರನ್ನು ಕೂಡಿಸಿಕೊಂಡು, ಮಗ್ಗುಲು ಹೊರಳಿಸುವದನ್ನೂ ನಳಿಗೆಯಿಂದ ಉಣಿಸುವದನ್ನೂ ಕೈಹಿಡಿದು ಕಲಿಸಲಿ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಜಿಲ್ಲಾಧಿಕಾರಿಗಳ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳ ಒಂದು ಆಜ್ಞೆಯಿಂದ ಮುಂದಿನ ಸೋಮವಾರವೇ ಆರಂಭವಾಗಬಹುದು.