ಬಾಲ್ ಮುಟ್ಟದ ಆಟಗಾರ | ಭಾಗ 6

ಸೆಲೆಕ್ಷನ್‌ನಲ್ಲಿ ಹೆಸರು ಬರಲಿಲ್ಲ ಅಂತ ಶೂ ಮೂಲೆಗೆ ಎಸೆದು ಕೂತಿದ್ದೀಯಲ್ಲ, ಇದು ನಿನಗೇ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬಾಲ್ ಇರೋ ತಂಡದ ಮುಂದಿನ ಸಾಲಲ್ಲಿ ಐವರು ಲೈನ್‌ಮನ್ ಇರ್ತಾರೆ. ನಡುವಿನವ ಬಾಲ್ ಹಿಂದಕ್ಕೆ ಕೊಡ್ತಾನೆ. ಉಳಿದ ನಾಲ್ವರು ಇಡೀ ಪಂದ್ಯ ಬಾಲ್ ಮುಟ್ಟದೇ ಇರಬಹುದು. ಎದುರಾಳಿಯನ್ನ ತಡೆಯೋದೇ ಅವರ ಕೆಲಸ. ನಮ್ಮ ಕಬಡ್ಡಿಯ ಕಾರ್ನರ್, ಕವರ್ ಇದ್ದಂಗೆ: ಹೆಸರು ರೇಡರ್‌ಗೆ, ಪೆಟ್ಟು ಇವರಿಗೆ.

ಎನ್‌ಎಫ್‌ಎಲ್ ಸಿಗದ ಎಷ್ಟೋ ಮಂದಿ ಜರ್ಮನಿ, ಇಟಲಿಯ ಕ್ಲಬ್‌ಗಳಿಗೆ ಹೋಗ್ತಾರೆ. ಇರೋಕೆ ರೂಮು, ಸಂಬಳ ಅಷ್ಟಕ್ಕಷ್ಟೇ. ಆಡೋದರ ಜೊತೆ ಅಲ್ಲಿನ ಹುಡುಗರಿಗೆ ಕಲಿಸ್ತಾರೆ. ಕೆಲವರು ಆಟ ಮುಗಿದ ಮೇಲೂ ಕೋಚ್ ಆಗಿ ಉಳೀತಾರೆ.

ಇದು ದೂರದ ಮಾತಲ್ಲ. ಹೊಸಪೇಟೆಯಿಂದ ಸುಮಾರು 30 ಕಿ.ಮೀ., ಸಂಡೂರು ತಾಲೂಕಿನ ತೋರಣಗಲ್ಲು ಹತ್ರ, 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯ್ತು. 2019ರಲ್ಲಿ ಮೊಣಕೈ ಆಪರೇಷನ್ ಆದ ಮೇಲೆ ನೀರಜ್ ಚೋಪ್ರಾ ಅಲ್ಲೂ ತಯಾರಿ ನಡೆಸಿದ್ರು. ವಿದೇಶಿ ಕೋಚ್‌ಗಳೂ ಅಲ್ಲಿ ಕಲಿಸಿದ್ದಾರೆ. ಹಂಪಿಗೆ ಬಂದ ಫಾರಿನರ್ ಜೊತೆ ಸೆಲ್ಫಿ ತಗೋತೀವಿ. ಆ ಕೋಚ್‌ಗಳು ಹಿಡಿದ ದಾರಿ ಮಾತ್ರ ನಮ್ಮ ಕಣ್ಣಿಗೆ ಬೀಳಲ್ಲ.

ಸ್ಟಾರ್ ಆಗದಿದ್ರೆ ಆಟನೇ ಬಿಡಬೇಕು ಅನ್ನೋದು ತಪ್ಪು ಲೆಕ್ಕ. ಪಟಿಯಾಲದ ಎನ್‌ಐಎಸ್‌ನಲ್ಲಿ ಆರು ವಾರದ ಕೋಚಿಂಗ್ ಕೋರ್ಸೂ ಐತೆ. ದುಡ್ಡು ಜಾಸ್ತಿ ಇಲ್ಲ ಅನ್ನೋದು ನಿಜ, ಅದಕ್ಕೇ ಡಿಗ್ರಿ ಬಿಡಬೇಡ. ಆದ್ರೆ ಸಂಜೆ ಕಂಪ್ಲಿ ಮೈದಾನದಲ್ಲಿ ಹತ್ತು ಚಿಕ್ಕ ಹುಡುಗರಿಗೆ ಕಾಲು ಹಿಡಿಯೋದು ಕಲಿಸು. ನೀನು ಕಲಿತಿದ್ದು ನಿನ್ನ ಜೊತೆಗೇ ಮುಗಿಯೋದು ಬೇಡ.

ಶೂ ಎತ್ಕೋ. ನಾಳೆ ಬರ್ತೀಯಾ?