ಐದು ಸೆಕೆಂಡಿನ ಉಳಿತಾಯ

ಮಕ್ಕಳೇ, ಐದು ಸೆಕೆಂಡು ಎಂದರೆ ಎಷ್ಟು ಹೊತ್ತು? ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಈಜುಕೊಳದಲ್ಲಿ ಮಾತ್ರ ಅದು ದೊಡ್ಡ ಮೊತ್ತ. ಅಲ್ಲಿ ಒಂದು ಸೆಕೆಂಡನ್ನು ನೂರು ಭಾಗ ಮಾಡಿ ಲೆಕ್ಕ ಇಡುತ್ತಾರೆ, ರೂಪಾಯಿಗೆ ನೂರು ಪೈಸೆ ಇದ್ದಂತೆ. ಬ್ಯಾಂಕಿನಲ್ಲಿ ಪೈಸೆ ಪೈಸೆ ತಾಳೆ ನೋಡಿದ ನನಗೆ ಈ ಲೆಕ್ಕ ಬಹಳ ಇಷ್ಟ.

2012ರ ಲಂಡನ್ ಒಲಿಂಪಿಕ್ಸ್‌ಗೆ ಕೇಟಿ ಲೆಡೆಕಿ ಎಂಬ ಹುಡುಗಿ ಬಂದಳು. ವಯಸ್ಸು 15. ಇಡೀ ಅಮೆರಿಕ ತಂಡದಲ್ಲೇ ಅತಿ ಕಿರಿಯಳು. ಅವಳ ಸ್ಪರ್ಧೆ 800 ಮೀಟರ್ ಫ್ರೀಸ್ಟೈಲ್. ಅಂದರೆ 50 ಮೀಟರ್ ಕೊಳವನ್ನು 16 ಸಲ ದಾಟಬೇಕು. ತನ್ನ ದೇಶದ ಆಯ್ಕೆ ಸ್ಪರ್ಧೆಯಲ್ಲಿ ಅವಳು ತೆಗೆದುಕೊಂಡಿದ್ದು 8 ನಿಮಿಷ 19.78 ಸೆಕೆಂಡು. ಸುಮಾರು ಒಂದು ತಿಂಗಳ ನಂತರ, ಲಂಡನ್ನಿನ ಫೈನಲ್‌ನಲ್ಲಿ 8 ನಿಮಿಷ 14.63! ಒಂದೇ ತಿಂಗಳಲ್ಲಿ ಐದು ಸೆಕೆಂಡಿಗೂ ಹೆಚ್ಚು ಉಳಿತಾಯ. ಚಿನ್ನದ ಪದಕವೂ ಬಂತು, 1989ರಿಂದ ಉಳಿದಿದ್ದ ಜಾನೆಟ್ ಇವಾನ್ಸ್ ಅವರ ಅಮೆರಿಕ ದಾಖಲೆಯೂ ಮುರಿಯಿತು.

ಮರುವರ್ಷ ವಿಶ್ವದಾಖಲೆ ಅವಳದಾಯಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅದನ್ನು 8 ನಿಮಿಷ 4.79 ಸೆಕೆಂಡಿಗೆ ಇಳಿಸಿದಳು. ಲಂಡನ್ನಿನಿಂದ ರಿಯೊಗೆ, ನಾಲ್ಕು ವರ್ಷಗಳಲ್ಲಿ, ಹತ್ತಿರ ಹತ್ತಿರ ಹತ್ತು ಸೆಕೆಂಡು ಜಮಾ.

ಇನ್ನು ಮುಂದಿನದನ್ನು ಗಮನವಿಟ್ಟು ಓದಿ. ಆಮೇಲೆ ಸುಮಾರು ಒಂಬತ್ತು ವರ್ಷ ಆ ದಾಖಲೆ ಅಲುಗಲಿಲ್ಲ. ಟೋಕಿಯೊದಲ್ಲಿ ಚಿನ್ನ ಗೆದ್ದಾಗ ಅವಳ ಸಮಯ 8 ನಿಮಿಷ 12.57. ಪ್ಯಾರಿಸ್‌ನಲ್ಲಿ ಗೆದ್ದಾಗ 8 ನಿಮಿಷ 11.04. ಎರಡೂ ತನ್ನದೇ ದಾಖಲೆಗಿಂತ ನಿಧಾನ. ಆದರೂ ಅವಳು ನೀರು ಬಿಡಲಿಲ್ಲ. 2025ರ ಮೇ ತಿಂಗಳಲ್ಲಿ, 28ನೇ ವಯಸ್ಸಿನಲ್ಲಿ, 8 ನಿಮಿಷ 4.12 ಸೆಕೆಂಡಿನಲ್ಲಿ ಗುರಿ ಮುಟ್ಟಿದಳು. ಒಂಬತ್ತು ವರ್ಷದ ದುಡಿಮೆಗೆ ಸಿಕ್ಕಿದ್ದು ಒಂದು ಸೆಕೆಂಡೂ ಅಲ್ಲ. ನಮ್ಮ ಲೆಕ್ಕದಲ್ಲಿ 67 ಪೈಸೆ!

ಎಳೆಯ ವಯಸ್ಸಿನಲ್ಲಿ ಬೇಗ ಬೇಗ ಕೂಡುತ್ತದೆ, ಆಮೇಲೆ ನಿಧಾನ. ನಿಧಾನವಾಯಿತೆಂದು ಖಾತೆ ಮುಚ್ಚಬಾರದು, ಅಷ್ಟೇ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಪ್ಯಾರಿಸ್‌ಗೆ ನಮ್ಮ ಬೆಂಗಳೂರಿನಿಂದ 14 ವರ್ಷದ ಧಿನಿಧಿ ದೇಸಿಂಗು ಹೋಗಿದ್ದಳು. ಭಾರತ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು. 200 ಮೀಟರ್ ಫ್ರೀಸ್ಟೈಲ್‌ನಲ್ಲಿ ತನ್ನ ಹೀಟ್‌ನಲ್ಲಿ ಮೊದಲಿಗಳಾದಳು. ಒಟ್ಟು ಪಟ್ಟಿಯಲ್ಲಿ 23ನೆಯವಳು. ಸೆಮಿಫೈನಲ್‌ಗೆ 16 ಮಂದಿಗೆ ಮಾತ್ರ ಜಾಗ. “ಅಯ್ಯೋ, 23ನೇ ಸ್ಥಾನವೇ?” ಎನ್ನಬೇಡಿ. ಆ ಹುಡುಗಿಯ ಖಾತೆ ಈಗಷ್ಟೇ ತೆರೆದಿದೆ.

ಮೊಮ್ಮಗು ಈಜಿನಿಂದಲೋ ಓಟದಿಂದಲೋ ಮನೆಗೆ ಬಂದಾಗ “ಎಷ್ಟನೆಯವನಾಗಿ ಬಂದೆ?” ಎಂದು ಕೇಳುವ ಬದಲು “ಹೋದ ಸಲಕ್ಕಿಂತ ಹೇಗಾಯಿತು?” ಎಂದು ಕೇಳಿ. ಮಕ್ಕಳೇ, ನೀವು ಒಂದು ಪುಟ್ಟ ಪುಸ್ತಕದಲ್ಲಿ ತಾರೀಖು ಹಾಕಿ ನಿಮ್ಮ ಸಮಯ ಬರೆದಿಡಿ. ಪಕ್ಕದವರ ಪಾಸ್‌ಬುಕ್ ನೋಡುವ ಕೆಲಸ ನಮಗೆ ಬೇಡ.