ಬಾಗಿನದ ಮೊರವೂ ಬಣ್ಣದ ಪ್ಲಾಸ್ಟಿಕ್ಕೂ

ಭಾದ್ರಪದದ ತದಿಗೆ ಸಮೀಪಿಸಿದಂತೆ ನಮ್ಮ ಪೇಟೆಯ ಅಂಗಡಿಗಳಲ್ಲಿ ಗುಲಾಬಿ, ಹಸಿರು ಬಣ್ಣದ ಪ್ಲಾಸ್ಟಿಕ್ ಮೊರಗಳು ತೂಗಾಡತೊಡಗುತ್ತವೆ. ‘ಶಾಸ್ತ್ರಕ್ಕೆ ಇದೂ ಆದೀತು’ ಎಂಬ ಮಾತು ಕಿವಿಗೆ ಬೀಳುತ್ತದೆ. ಆಗದು ಎಂದು ಹೇಳುವುದಕ್ಕಾಗಿಯೇ ಈ ಬರಹ.

ಗೌರಿಯ ಬಾಗಿನವೆಂದರೆ ಏನು? ಅರಿಶಿನ ಬಳಿದ ಎರಡು ಬಿದಿರಿನ ಮೊರ. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಕನ್ನಡಿ. ಇನ್ನೊಂದು ಅದರ ಮುಚ್ಚಳ. ಬೆಲ್ಲ ವಾರದಲ್ಲಿ ಮುಗಿಯುತ್ತದೆ, ಬಳೆ ಒಡೆಯುತ್ತದೆ. ಮೊರ ಮಾತ್ರ ಅಡುಗೆಮನೆ ಸೇರಿ, ಸಗಣಿ ಬಳಿಸಿಕೊಂಡು ವರ್ಷಗಟ್ಟಲೆ ದುಡಿಯುತ್ತದೆ. ನನ್ನ ತಾಯಿ ಒಂದನ್ನು ‘ಸಣ್ಣತ್ತೆಯ ಮೊರ’ ಎಂದೇ ಕರೆಯುತ್ತಿದ್ದರು. ಸಣ್ಣತ್ತೆ ತೀರಿಕೊಂಡ ಮೇಲೂ ಆ ಹೆಸರು ಅಳಿಯಲಿಲ್ಲ. ಪ್ಲಾಸ್ಟಿಕ್ ಮೊರದಲ್ಲಿ ಅಕ್ಕಿ ಕೇರಿ ನೋಡಿ: ನುಣುಪಾದ ತಳದಲ್ಲಿ ಕಾಳೂ ಹೊಟ್ಟೂ ಒಟ್ಟಿಗೆ ಜಾರುತ್ತವೆ. ಹೆಣಿಗೆಯ ಒರಟುತನವೇ ಕಾಳನ್ನು ತಡೆದು ಹೊಟ್ಟನ್ನು ಮುಂದೂಡುವುದು. ಹಬ್ಬ ಕಳೆದ ಮೇಲೆ ಪ್ಲಾಸ್ಟಿಕ್ಕು ಹಿತ್ತಿಲಿಗೆ ಬಿದ್ದು, ಬಿಸಿಲಿಗೆ ಸೀಳಿ, ಗೊಬ್ಬರದೊಡನೆ ಅಡಿಕೆ ತೋಟದ ಮಣ್ಣು ಸೇರುತ್ತದೆ. 2022ರ ಜುಲೈ 1ರಿಂದ ಜಾರಿಯಾದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಸಿಹಿತಿಂಡಿ ಡಬ್ಬಿಯ ಹೊದಿಕೆಯಿದೆ, ಮೊರವಿಲ್ಲ. ಅದು ‘ಬಾಳಿಕೆಯ ವಸ್ತು’ವಂತೆ!

‘ಮೇದಾರರೇ ಕಸುಬು ಬಿಟ್ಟರಲ್ಲ’ ಎಂದು ದೂರುವವರಿಗೂ ಒಂದು ಪ್ರಶ್ನೆ: ಬಿದಿರೆಲ್ಲಿದೆ? ಉತ್ತರ ಕನ್ನಡದ ಬಿದಿರನ್ನು ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟ ಕಥೆಯನ್ನು ಮಾಧವ ಗಾಡ್ಗೀಳರು ಬರೆದಿದ್ದಾರೆ. ಅದೇ ಬಿದಿರಿಗೆ ಬುಟ್ಟಿ ಹೆಣೆಯುವವರು ಸಾವಿರಾರು ಪಟ್ಟು ಹೆಚ್ಚು ತೆರುತ್ತಿದ್ದರು. ಹೆಬ್ಬಿದಿರು ಸುಮಾರು 40–45 ವರ್ಷಕ್ಕೊಮ್ಮೆ ಹೂಬಿಟ್ಟು ಸಾಯುತ್ತದೆ; ಉದುರಿದ ಬೀಜ ಮೊಳೆತು ಮತ್ತೆ ಹಿಂಡಿಲಾಗಬೇಕಾದರೆ ಬೆಂಕಿ, ದನಗಳಿಂದ ವರ್ಷಗಟ್ಟಲೆ ಕಾಪಾಡಬೇಕು. ಕಾಪಾಡಿದವರಾರು? 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಒಪ್ಪಿದೆ. ಪೇಟೆಯಂಚಿನ ಮೇದಾರರಲ್ಲಿ ಎಷ್ಟು ಮಂದಿಗೆ ಆ ಹಕ್ಕು ದಕ್ಕಿದೆ ಎಂದು ವಿದ್ಯಾರ್ಥಿಮಿತ್ರರು ಒಮ್ಮೆ ವಿಚಾರಿಸಿ ಬರಲಿ.

ನಾನೂ ನಿರಪರಾಧಿಯಲ್ಲ. ಮೂರು ವರ್ಷದ ಹಿಂದೆ ನಮ್ಮ ಮನೆಗೂ ಪ್ಲಾಸ್ಟಿಕ್ ಮೊರ ಬಂದಿತ್ತು. ತಂದವನು ಮಣ್ಣಿನ ಬಗ್ಗೆ ಭಾಷಣ ಮಾಡುವ ನಾನೇ. ಕಳೆದ ವರ್ಷ ನಮ್ಮ ಸಂತೆಗೆ ಹತ್ತು ಜೊತೆ ಮೊರ ಹೊತ್ತು ತಂದ ಅಜ್ಜಿಯೊಬ್ಬರು ಆರು ಜೊತೆಯನ್ನು ಹಾಗೆಯೇ ಹೊತ್ತು ಮರಳಿದರು. ಈ ಸಲ ಆಷಾಢದಲ್ಲೇ ಅವರ ಮನೆಗೆ ಹೋಗಿ ನಾಲ್ಕು ಜೊತೆಗೆ ಮುಂಗಡ ಕೊಟ್ಟು ಬಂದಿದ್ದೇನೆ. ಚೌಕಾಸಿ ಮಾಡಲಿಲ್ಲ. ಉಳಿದ ಆರು ಜೊತೆ ನಿಮ್ಮ ಪಾಲಿಗಿದೆ.